ಒಳಗೆ ಬಿಟ್ಟ ಬಟ್ಟೆ

ಪ್ರಾರ್ಥನೆಗೆಂದು ಎಲ್ಲರೂ ತಲೆ ಬಗ್ಗಿಸಿದಾಗ ದರ್ಜಿಯೂ ಬಗ್ಗಿಸಿದ. ಕಣ್ಣನ್ನೂ ಮುಚ್ಚಿದ. ಮುಚ್ಚಿದರೇನು, ಮುಂದಿನ ಬೆಂಚಿನಲ್ಲಿ ಕೂತಿದ್ದ ನಿವೃತ್ತ ಪೋಸ್ಟ್‌ಮಾಸ್ಟರರ ಬಲಭುಜ ರೆಪ್ಪೆಯ ಒಳಕ್ಕೂ ಬಂದು ಕೂತಿತು. ಆ ಕೋಟನ್ನು ಯಾವನೋ ಅವಸರದಲ್ಲಿ ಹೊಲಿದಿದ್ದ. ತೋಳು ಕೂರಿಸುವಾಗ ಅರ್ಧ ಇಂಚು ಹಿಂದಕ್ಕೆ ಹೋಗಿ ಬೆನ್ನಿನ ಮೇಲೆ ಅಡ್ಡಡ್ಡ ಒಂದು ಸುಕ್ಕು ಬಿದ್ದಿತ್ತು. ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಆ ಸುಕ್ಕು ಅವನ ಕಣ್ಣೆದುರು. ದೇವರ ಸನ್ನಿಧಿಯಲ್ಲಿ ಅವನು ಕಳೆದ ಹೊತ್ತಿನಲ್ಲಿ ಮುಕ್ಕಾಲು ಪಾಲು ಆ ಸುಕ್ಕಿನ ಸನ್ನಿಧಿಯಲ್ಲೇ ಕಳೆದಿತ್ತು. ಇದು ದೇವರಿಗೆ ಗೊತ್ತಿತ್ತು. ದೇವರಿಗೆ ಎಲ್ಲವೂ ಗೊತ್ತಿರುತ್ತದೆ ಎಂಬುದೊಂದೇ ದೇವರ ವಿಷಯದಲ್ಲಿ ಅವನಿಗಿದ್ದ ತಕರಾರು.

ಉಳಿದ ಕಾಲು ಪಾಲು ಇಸ್ತ್ರಿ ಪೆಟ್ಟಿಗೆಗೆ ಸಲ್ಲುತ್ತಿತ್ತು. ಆರಿಸಿದೆನೋ ಇಲ್ಲವೋ? ಆರಿಸಿದ್ದ. ಮನೆ ಬಿಡುವ ಮುಂಚೆ ಸ್ವಿಚ್ಚು ಒತ್ತಿ, ವೈರು ಎಳೆದು, ಪೆಟ್ಟಿಗೆಯ ಅಡಿಗೆ ಅಂಗೈ ಇಟ್ಟು ತಣ್ಣಗಿದೆ ಎಂದು ಬಾಯಿಬಿಟ್ಟು ಹೇಳಿಕೊಂಡಿದ್ದ. ಮೂವತ್ತು ವರ್ಷದ ಕಸುಬಿನಲ್ಲಿ ಅವನು ಒಂದು ಕರವಸ್ತ್ರ ಕೂಡ ಸುಟ್ಟವನಲ್ಲ. ಆದರೂ ಪಾದ್ರಿಗಳು 'ನಾವು ಪ್ರಾರ್ಥಿಸೋಣ' ಅನ್ನುವುದೇ ತಡ, ಖಾಲಿ ಮನೆಯಲ್ಲಿ ಮೇಜಿನ ಮೇಲೆ ಪೆಟ್ಟಿಗೆ ಕೆಂಪಗೆ ಕಾಯಲು ಶುರುವಾಗುತ್ತಿತ್ತು. ಇವತ್ತಂತೂ ಮನೆ ಖಾಲಿಯೂ ಇರಲಿಲ್ಲ. ಅಕ್ಕ ಚರ್ಚಿಗೆ ಬಾರದೆ ಮನೆಯಲ್ಲೇ ಇದ್ದಳು. ಸಂಜೆ ಐದಕ್ಕೆ ಆಸ್ಪತ್ರೆಗೆ ಸೇರಬೇಕು, ನಾಳೆ ಬೆಳಿಗ್ಗೆ ಎಂಟಕ್ಕೆ ಹೊಟ್ಟೆಯ ಗಡ್ಡೆಯ ಆಪರೇಷನ್ನು. ಇವತ್ತೊಂದು ದಿನ ಭುಜವೂ ಬೇಡ, ಪೆಟ್ಟಿಗೆಯೂ ಬೇಡ ಎಂದು ಅವನು ಹಲ್ಲು ಕಚ್ಚಿ ಕೂತ. ಹಲ್ಲು ಕಚ್ಚಿದ್ದೇ ತಡ, ಆ ಸುಕ್ಕನ್ನು ಬಿಡಿಸಬೇಕಾದರೆ ತೋಳನ್ನು ಪೂರ್ತಿ ಬಿಚ್ಚಬೇಕಾಗುತ್ತದೆ, ಬರೀ ಇಸ್ತ್ರಿಯಿಂದ ಆಗುವ ಕೆಲಸವಲ್ಲ ಎಂಬ ತೀರ್ಮಾನಕ್ಕೆ ಬಂದಿದ್ದ.

ಅಕ್ಕ ಕೇಳಿದ್ದು ದೊಡ್ಡದೇನಲ್ಲ. ನಿನ್ನೆ ಸಂಜೆ ಅವಳ ಅಳತೆ ತೆಗೆಯುತ್ತಿದ್ದಾಗ ಕೇಳಿದಳು. ಆಸ್ಪತ್ರೆಗೆ ಮುಂದುಗಡೆ ಬಿಚ್ಚುವಂಥ ಸಡಿಲ ಅಂಗಿಯೊಂದು ಬೇಕಿತ್ತು. ಮೂವತ್ತೆರಡು ವರ್ಷ ನರ್ಸಾಗಿದ್ದವಳು, ತಲೆಯ ಮೇಲಿಂದ ತೊಡುವ ಬಟ್ಟೆ ರೋಗಿಗೂ ಶಿಕ್ಷೆ, ನರ್ಸಿಗೂ ಶಿಕ್ಷೆ ಎಂದು ಅವಳಿಗೆ ಗೊತ್ತಿತ್ತು. ಕೈ ಎರಡೂ ಎತ್ತಿ ನಿಂತು, ಡಾಕ್ಟರು ಚೀಟಿ ಬರೆಯುವ ಹಾಗೆ ಹೇಳಿದಳು. "ನಾಳೆ ಚರ್ಚಲ್ಲಿ ನನಗೋಸ್ಕರ ಒಂದು ಪ್ರಾರ್ಥನೆ ಮಾಡು. ಒಂದೇ ಒಂದು ಸಾಕು. ಆದ್ರೆ ಪೂರ್ತಿ ಮನಸ್ಸಿಂದ ಮಾಡಬೇಕು."

"ದಿನಾ ಮಾಡ್ತೀನಲ್ಲ."

"ದಿನಾ ಮಾಡೋದು ನೋಡಿದೀನಿ. ನೀನು ಬಟ್ಟೆಗೆ ಒಳಗೆ ಬಿಡ್ತೀಯಲ್ಲ, ಹಾಗೆ ದೇವರಿಗೂ ಒಂದಿಂಚು ಬಿಟ್ಕೊಂಡೇ ಕೊಡ್ತೀಯ. ಇಂಚಪ್ಪ!"

ಇಂಚಪ್ಪ ಅಕ್ಕನೇ ಇಟ್ಟ ಹೆಸರು. ಅವನು ಯಾವ ಬಟ್ಟೆ ಹೊಲಿದರೂ ಹೊಲಿಗೆಯ ಒಳಗೆ ಎರಡೂ ಪಕ್ಕ ಒಂದೊಂದು ಇಂಚು ಬಿಡುತ್ತಿದ್ದ. ಬೇರೆ ದರ್ಜಿಗಳು ಅರ್ಧ ಬಿಡುತ್ತಾರೆ, ಕೆಲವರು ಕಾಲು. ಯಾಕಯ್ಯ ಇಷ್ಟು ಎಂದರೆ, ಇರಲಿ, ಆಮೇಲೆ ಬೇಕಾದರೆ ಬಿಚ್ಚಬಹುದು ಅನ್ನುತ್ತಿದ್ದ. ಊರಿನ ಮುಕ್ಕಾಲು ಜನ ತಮಗೆ ಗೊತ್ತಿಲ್ಲದೆಯೇ ಎರಡೆರಡು ಇಂಚು ಬಟ್ಟೆಯನ್ನು ಮಡಿಸಿ ಮೈಗಂಟಿಸಿಕೊಂಡು ಓಡಾಡುತ್ತಿದ್ದರು. ಅಕ್ಕನ ಮಾತಿಗೆ ಅವನು ನಕ್ಕ. ನಗುತ್ತಲೇ ಟೇಪನ್ನು ಅವಳ ಎದೆಯ ಸುತ್ತ ತಂದು ಓದಿದ: ಮೂವತ್ತೊಂದು. ಹಿಂದಿನ ಸಲ ಮೂವತ್ತಾರಿತ್ತು. ಟೇಪು ಎಲ್ಲೋ ತಿರುಚಿರಬೇಕೆಂದು ಬಿಡಿಸಿ ಮತ್ತೆ ಹಿಡಿದ. ಮೂವತ್ತೊಂದು. ಸೊಂಟ ಮೂವತ್ತೆರಡಿದ್ದದ್ದು ಇಪ್ಪತ್ತಾರು. ತೋಳಿನ ಸುತ್ತು ಹನ್ನೊಂದರಿಂದ ಎಂಟೂವರೆ. ಭುಜವೊಂದೇ ಹದಿನಾಲ್ಕೂವರೆಯಲ್ಲಿ ನಿಂತಿತ್ತು. ಮೂಳೆ ಎಲ್ಲಿಗೆ ಹೋಗುತ್ತದೆ. ಸೀರೆಯೊಳಗೆ, ಶಾಲಿನೊಳಗೆ, ಬೈಗುಳದೊಳಗೆ ಅಡಗಿಸಿಕೊಂಡು ಇವಳು ಆರು ತಿಂಗಳು ತನ್ನ ಕಣ್ಣೆದುರಿಗೇ ಕರಗಿದ್ದಾಳೆ. ತಾನೋ, ಪರರ ಬೆನ್ನಿನ ಅರ್ಧ ಇಂಚನ್ನು ಒಂಬತ್ತು ವರ್ಷ ಮರೆಯದ ಮಹಾರಾಯ. ಅವನಿಗೆ ನಾಚಿಕೆಯಾಯಿತು. ಪುಸ್ತಕದಲ್ಲಿ ಬರೆದುಕೊಳ್ಳಲು ತಿರುಗಿದವನು ಸೀಸದಕಡ್ಡಿ ಹುಡುಕುವ ನೆಪದಲ್ಲಿ ಬಹಳ ಹೊತ್ತು ತಿರುಗಿಯೇ ನಿಂತ.

"ಎಷ್ಟು ಬಂತು?" ಅಂದಳು ಅಕ್ಕ.

"ಅಷ್ಟೇ ಇದೆ," ಅಂದ.

"ಸುಳ್ಳು ಹೇಳೋಕೂ ನಿನಗೆ ಪೂರ್ತಿ ಮನಸ್ಸಿಲ್ಲ ನೋಡು," ಅಂದು ಅವಳು ಕೈ ಇಳಿಸಿದಳು.

ಅಮ್ಮನ ಮಂಚದ ಬಳಿ ಅವನಿಗಾದದ್ದು ಅಕ್ಕನಿಗೆ ಗೊತ್ತಿಲ್ಲ. ಅಥವಾ ಗೊತ್ತಿದ್ದೂ ಕೇಳಿಲ್ಲ. ಅಮ್ಮನ ಕೊನೆಯ ದಿನ ಹಳೆಯ ಪಾದ್ರಿಗಳು ಮಂಚದ ಪಕ್ಕ ನಿಂತು ಪ್ರಾರ್ಥಿಸುತ್ತಿದ್ದರು. ಅಕ್ಕ ನೆಲದ ಮೇಲೆ ಮೊಣಕಾಲೂರಿ, ಮಂಚದ ಅಂಚಿಗೆ ಹಣೆ ಒತ್ತಿ, ಯಾರೋ ಹೊಡೆಯುತ್ತಿದ್ದಾರೆ ಎಂಬಂತೆ ಮೈ ಬಿಗಿಹಿಡಿದು ದೇವರನ್ನು ಕರೆಯುತ್ತಿದ್ದಳು. ಅವನಿಗಾಗ ಇಪ್ಪತ್ತೊಂದು, ಕಸುಬಿಗೆ ಹೊಸಬ. ಮುಚ್ಚಿದ ಕಣ್ಣನ್ನು ಒಂದು ಗಳಿಗೆ ತೆರೆದ. ಹಳೆಯ ಪಾದ್ರಿಗಳ ಅಂಗಿತೋಳಿನ ಗುಂಡಿ ತೂರಿಸುವ ಕಾಜಾದ ಹೊಲಿಗೆ ಬಿಚ್ಚಿಕೊಂಡು ದಾರ ನೇತಾಡುತ್ತಿತ್ತು. ಅವನ ಬೆರಳುಗಳು ತಾವಾಗಿ ಸೂಜಿ ಹಿಡಿದ ಹಾಗೆ ಆಡಿದವು. ಮನಸ್ಸಿನಲ್ಲೇ ಮೂರು ಸುತ್ತು ಹಾಕಿ ಗಂಟು ಬಿಗಿಯುವಷ್ಟರಲ್ಲಿ 'ಆಮೆನ್' ಬಂತು. ಅಮ್ಮ ಅಂದು ಸಂಜೆಯೇ ಹೋದಳು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ದೇವರು ಕಾಜಾ ಲೆಕ್ಕ ಹಾಕುವವನಲ್ಲ ಎಂದು ಅವನು ಮೂವತ್ತು ವರ್ಷದಿಂದ ತನಗೆ ತಾನೇ ಹೇಳಿಕೊಂಡು ಬಂದಿದ್ದ. ಇಷ್ಟು ವರ್ಷ ಹೇಳಿಕೊಳ್ಳಬೇಕಾಗಿ ಬಂದ ಮಾತನ್ನು ಯಾರು ತಾನೆ ನಂಬುತ್ತಾರೆ. ಆವತ್ತು ಒಂದು ಗಳಿಗೆಯಷ್ಟು ಕಡಿಮೆ ಬಿದ್ದದ್ದು ತನ್ನ ಪಾಲೇ ಎಂದು ಅವನೇ ಲೆಕ್ಕ ಹಾಕಿಟ್ಟಿದ್ದ. ಈಗ ಮತ್ತೆ ಅದೇ ಪಾಲು ಕೇಳುತ್ತಿದ್ದಾರೆ, ಕೇಳುತ್ತಿರುವವಳು ಅಕ್ಕ.

ಇತ್ತ ಚರ್ಚಿನಲ್ಲಿ ಪಾದ್ರಿಗಳ ಪ್ರಸಂಗ ಶುರುವಾಗಿತ್ತು. ಪಾದ್ರಿಗಳು ಇವತ್ತು ಆರಿಸಿಕೊಂಡಿದ್ದ ವಿಷಯ, ಬೇಕೆಂದೇ ಆರಿಸಿದಂತೆ, ದೇವರಿಗೆ ಅರ್ಧ ಮನಸ್ಸು ಕೊಡುವವರ ಬಗ್ಗೆ. "ಒಂದು ಕಾಲು ಇಲ್ಲಿ, ಒಂದು ಕಾಲು ಹೊರಗೆ. ಬಾಯಿ ಇಲ್ಲಿ, ಮನಸ್ಸು ಅಂಗಡಿಯಲ್ಲಿ," ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವ ಹಾಗೆ ದರ್ಜಿ ನೆಟ್ಟಗೆ ಕೂತ. ಪಾದ್ರಿಗಳು ಒಳ್ಳೆಯ ಮನುಷ್ಯ, ಯಾರನ್ನೂ ಚುಚ್ಚುವವರಲ್ಲ, ಆದರೆ ಅವರು ಕೈ ಎತ್ತಿದಾಗಲೆಲ್ಲ ಬಿಳಿ ನಿಲುವಂಗಿಯ ಕೆಳಗಿನ ಅಂಚು ಎಡಗಡೆ ಜೋತುಬಿದ್ದದ್ದು ಕಾಣುತ್ತಿತ್ತು. ಅಂಚಿನ ಹೊಲಿಗೆ ಒಂದು ಗೇಣು ಬಿಟ್ಟುಹೋಗಿದೆ. ಮೆಟ್ಟಿಲು ಹತ್ತುವಾಗ ತುಳಿದಿರಬೇಕು. ಪೂರ್ಣ ಮನಸ್ಸು ಅಂದರೆ ಒಡೆಯದ ಮನಸ್ಸು, ಎಂದು ಪಾದ್ರಿಗಳು ಹೇಳುತ್ತಿದ್ದರು. ಒಂದು ಗೇಣಲ್ಲ, ಒಂದೂಕಾಲು, ಎಂದು ದರ್ಜಿ ತಿದ್ದಿಕೊಂಡ. ಹಾಗೆ ತಿದ್ದಿಕೊಂಡದ್ದು ತಿಳಿದು ಅವನಿಗೆ ತನ್ನ ಮೇಲೆಯೇ ಹೇಸಿಗೆ ಬಂತು. ಜನ ಕುಡಿತ ಬಿಡುತ್ತಾರೆ, ಜಗಳ ಬಿಡುತ್ತಾರೆ, ಮುಂದೆ ಬಂದು ಅತ್ತು ಸಾಕ್ಷಿ ಹೇಳುತ್ತಾರೆ. ಕರ್ತನೇ, ನಾನು ನಿಲುವಂಗಿಯ ಅಂಚು ನೋಡುತ್ತೇನೆ ಎಂದು ಸಾಕ್ಷಿ ಹೇಳಿದವರನ್ನು ಅವನು ಕಂಡಿರಲಿಲ್ಲ. ಪಾಪವೂ ಒಂದು ಅಂತಸ್ತಿನದ್ದಾದರೆ ಒಪ್ಪಿಕೊಳ್ಳುವುದು ಸುಲಭ.

"ನಮ್ಮ ದರ್ಜಿ ಸಹೋದರರ ಅಕ್ಕನವರಿಗೆ ನಾಳೆ ಆಪರೇಷನ್ ಇದೆ," ಅಂದರು ಪಾದ್ರಿಗಳು. ಪ್ರಸಂಗ ಯಾವಾಗ ಮುಗಿಯಿತೋ ಅವನಿಗೆ ತಿಳಿಯಲಿಲ್ಲ. "ಅವರೇ ಎದ್ದು ನಮ್ಮೆಲ್ಲರ ಪರವಾಗಿ ಪ್ರಾರ್ಥಿಸಲಿ."

ಇದನ್ನು ಅವನು ಎಣಿಸಿರಲಿಲ್ಲ. ಎದ್ದು ನಿಂತ. ಬೆಂಚು ಕಿರ್ರೆಂದಿತು. ನೂರಿಪ್ಪತ್ತು ತಲೆಗಳು ಬಗ್ಗಿದವು, ಬಗ್ಗಿದ್ದರಿಂದ ನೂರಿಪ್ಪತ್ತು ಕಾಲರುಗಳು ಒಟ್ಟಿಗೆ ಕಂಡವು. ಕಣ್ಣು ಮುಚ್ಚಿದ. "ಕರ್ತನೇ," ಅಂದ. ಮುಂದೇನು? ಮಾತುಗಳು ಇಲ್ಲವೆಂದಲ್ಲ. ಕೃಪಾಸಾಗರನೇ, ಬಲಹೀನರ ಬಲವೇ, ವೈದ್ಯರಿಗೆ ವೈದ್ಯನೇ, ಎಲ್ಲ ಅಂಗಡಿಯಲ್ಲಿ ತೂಗುಹಾಕಿದ ಸಿದ್ಧ ಉಡುಪಿನ ಹಾಗೆ ಸಾಲಾಗಿ ಇದ್ದವು. ಒಂದೊಂದನ್ನೇ ತೆಗೆದು ಅಕ್ಕನಿಗೆ ಹಿಡಿದು ನೋಡಿದ. ಯಾವುದೂ ಅವಳ ಮೈಗೆ ಹೊಂದಲಿಲ್ಲ. ಅಳೆದೂ ಸುರಿದೂ ನಿಲ್ಲುವ ಹೊತ್ತೂ ಇದಲ್ಲ, ಯಾರೋ ಕೆಮ್ಮಿದರು. ಇಸ್ತ್ರಿ ಪೆಟ್ಟಿಗೆ ಕಾಯತೊಡಗಿತು. ಆಗ ಅಂಗಡಿಯಲ್ಲಿ ಪುಸ್ತಕಕ್ಕೆ ಬರೆಯುವಾಗ ಓದಿಕೊಳ್ಳುವ ದನಿಯಲ್ಲೇ ಅವನ ಬಾಯಿ ತಾನಾಗಿ ಹೇಳಿತು: "ಭುಜ ಹದಿನಾಲ್ಕೂವರೆ."

ಹೇಳಿದ ಮೇಲೆ ನಿಲ್ಲಿಸುವುದು ಹೇಗೆಂದು ಗೊತ್ತಾಗಲಿಲ್ಲ. "ಎದೆ ಮೂವತ್ತಾರಿತ್ತು, ಮೂವತ್ತೊಂದಾಗಿದೆ. ಸೊಂಟ ಮೂವತ್ತೆರಡಿತ್ತು, ಇಪ್ಪತ್ತಾರಾಗಿದೆ. ತೋಳು ಹನ್ನೊಂದು, ಈಗ ಎಂಟೂವರೆ." ಅಲ್ಲಿಗೆ ಅಳತೆ ಮುಗಿಯಿತು. ಉದ್ದ ಹೇಳಲಿಲ್ಲ, ಉದ್ದ ಬದಲಾಗಿರಲಿಲ್ಲ. "ಆಮೆನ್," ಅಂದು ಕೂತ. ಹಿಂದಿನಿಂದ ಯಾವುದೋ ಹೆಣ್ಣುದನಿ ಕಿಸಕ್ಕೆಂದು ನಕ್ಕು, ನಗುವನ್ನು ಕೆಮ್ಮಾಗಿ ತಿದ್ದಿತು. ಪಾದ್ರಿಗಳು ಸ್ವಲ್ಪ ಹೊತ್ತು ಕಾದರು, ಇನ್ನೂ ಏನಾದರೂ ಬರಬಹುದೆಂದು. ಏನೂ ಬರದಿದ್ದಾಗ "ಆಮೆನ್" ಅಂದು ಹಾಡಿನ ನಂಬರು ಹೇಳಿದರು.

ಹೊರಗೆ ಮೆಟ್ಟಿಲ ಹತ್ತಿರ ಪೋಸ್ಟ್‌ಮಾಸ್ಟರರು ಅವನ ಬೆನ್ನು ತಟ್ಟಿದರು. "ಏನಯ್ಯ, ದೇವರ ಹತ್ರ ಹೊಸ ಬಟ್ಟೆ ಹೊಲಿಸ್ತಿದೀಯಾ? ಹಾಗಾದ್ರೆ ನನ್ನ ಅಳತೇನೂ ಕೊಟ್ಟುಬಿಡು." ಸುತ್ತ ನಿಂತವರು ನಕ್ಕರು, ಕೆಟ್ಟ ನಗುವಲ್ಲ, ಭಾನುವಾರದ ನಗು. ಅವನೂ ನಕ್ಕ. ನಗುತ್ತಾ ಅವರ ಬಲಭುಜದ ಸುಕ್ಕನ್ನು ಹತ್ತಿರದಿಂದ ನೋಡಿದ. ತಪ್ಪು ಕೋಟಿನದಲ್ಲ, ಮುದುಕರ ಭುಜವೇ ಒಂದು ಕಡೆ ಇಳಿದಿತ್ತು. ಮೂವತ್ತೈದು ವರ್ಷ ಚೀಲ ಹೊತ್ತ ಭುಜ. ಪೋಸ್ಟ್‌ಮಾಸ್ಟರಾಗುವ ಮುಂಚೆ ಅವರು ಅಂಚೆ ಹಂಚುತ್ತಿದ್ದರು ಎಂಬುದು ಎಲ್ಲರಿಗೂ ಗೊತ್ತಿತ್ತು, ಅವನಿಗೂ. ಆ ಕೋಟು ಹೊಲಿದ ಯಾವನೋ ದರ್ಜಿಯನ್ನು ಒಂಬತ್ತು ವರ್ಷ ಸುಮ್ಮನೆ ಬೈದದ್ದಾಯಿತು. ಅಷ್ಟರಲ್ಲಿ ಪಾದ್ರಿಗಳು ನಿಲುವಂಗಿಯನ್ನು ಮಡಿಸಿ ಚೀಲದಲ್ಲಿಟ್ಟು ತಂದರು. "ಅಂಚು ಬಿಟ್ಟಿದೆ ನೋಡಿ. ಮುಂದಿನ ಭಾನುವಾರ ಬಿಷಪ್ಪರು ಬರ್ತಾರೆ. ನೀವು ಈ ಗಡಿಬಿಡೀಲಿ..."

"ಇವತ್ತೇ ಮಾಡಿಟ್ಟು ಹೋಗ್ತೀನಿ."

ಪಾದ್ರಿಗಳು ಅವನ ಕೈ ಹಿಡಿದುಕೊಂಡರು. "ದುಃಖದಲ್ಲಿ ಮಾತು ಹೊರಡಲ್ಲ. ಪರವಾಗಿಲ್ಲ. ದೇವರು ಅರ್ಥ ಮಾಡ್ಕೋತಾನೆ." ತಮಗೆ ಅರ್ಥವಾಗಲಿಲ್ಲ ಎಂಬುದನ್ನು ಇದಕ್ಕಿಂತ ಮರ್ಯಾದೆಯಾಗಿ ಹೇಳಲಾಗುತ್ತಿರಲಿಲ್ಲ. ದಾರಿಯುದ್ದಕ್ಕೂ ಅವನು ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ನಡೆದ. ಮನೆಗೆ ಬಂದು ಮೊದಲು ಇಸ್ತ್ರಿ ಪೆಟ್ಟಿಗೆ ಮುಟ್ಟಿ ನೋಡಿದ. ತಣ್ಣಗಿತ್ತು.

ಅಕ್ಕ ಮಂಚದ ಮೇಲೆ ಚೀಲ ತೆರೆದಿಟ್ಟುಕೊಂಡು ಸಾಮಾನು ತುಂಬುತ್ತಿದ್ದಳು. ಎರಡು ಟವೆಲು, ಸೋಪಿನ ಡಬ್ಬಿ, ಕನ್ನಡಕ, ಡಾಕ್ಟರ ಕಾಗದಗಳು, ಬೆನ್ನು ಹರಿದ ಸತ್ಯವೇದ. ಊಟವಾಯಿತು, ಪಾತ್ರೆ ತೊಳೆದದ್ದಾಯಿತು. ಅವನು ಅಂಗಿಯ ಗುಂಡಿಗಳನ್ನು ಹೊಲಿದು ಮುಗಿಸಿದ. ಆಮೇಲೆ ನಿಲುವಂಗಿಯ ಅಂಚು ಹಿಡಿದು ಕಣ್ಣಿಗೆ ಕಾಣದ ಹೊಲಿಗೆ ಹಾಕಿದ, ಒಂದೂಕಾಲು ಗೇಣು, ಸರಿಯಾಗಿಯೇ ಅಂದಾಜು ಮಾಡಿದ್ದ. ಮೇಜಿನ ಮೇಲೆ ಹರಡಿ, ಇಸ್ತ್ರಿ ಕಾಯಿಸಿ, ಒದ್ದೆ ಬಟ್ಟೆ ಹಾಕಿ ಒತ್ತುತ್ತಿದ್ದಾಗ ಒಳಗಿನಿಂದ ಅಕ್ಕ ಕರೆದಳು. "ಅಂಗಿ ಹಾಕ್ಕೊಂಡಿದೀನಿ. ಬಂದು ನೋಡೋ, ನಾಲ್ಕು ಗಂಟೆ ಆಯ್ತು."

ಅವನು ಹೋದ. ಅವಳು ಕಿಟಕಿಯ ಬೆಳಕಿಗೆ ನಿಂತಿದ್ದಳು. ಅಂಗಿ ಸರಿಯಾಗಿಯೇ ಕೂತಿತ್ತು, ಆದರೆ ಕೆಳಗಿನ ಅಂಚು ಮುಂದೆ ಕೊಂಚ ಏರಿತ್ತು. ಗಡ್ಡೆಯ ಕಡೆ ಕೈ ಒತ್ತಿ ಅವಳು ಸ್ವಲ್ಪ ಬಾಗಿ ನಿಲ್ಲುತ್ತಿದ್ದುದರಿಂದ ಹಾಗೆ. ಅವನು ಗುಂಡುಸೂಜಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಅವಳ ಮುಂದೆ ಮೊಣಕಾಲೂರಿದ. ಅಂಚು ಸರಿಮಾಡಲು ದರ್ಜಿಗಳು ಮೊಣಕಾಲೂರಲೇಬೇಕು. ದಿನಕ್ಕೆ ಹತ್ತು ಸಲ ಊರುತ್ತಿದ್ದ.

"ಮಾಡಿದೆಯಾ?" ಅಂದಳು ಅಕ್ಕ, ಅವನ ನೆತ್ತಿಗೆ.

ಅವನು ಸೂಜಿಗಳನ್ನು ಅಂಗೈಗೆ ಉಗುಳಿದ. ಹೂಂ ಅನ್ನಬಹುದಿತ್ತು. ನಾಳೆ ಈ ಹೊತ್ತಿಗೆ ಕೇಳುವವಳು ಇರುತ್ತಾಳೋ ಇಲ್ಲವೋ. ಒಂದು ಹೂಂ ಹಾಕಿದ್ದರೆ ಅವಳು ನೆಮ್ಮದಿಯಾಗಿ ಹೋಗಿ ಮಲಗುತ್ತಿದ್ದಳು. "ಇಲ್ಲ ಅಕ್ಕಾ," ಅಂದ. "ಆಗಲಿಲ್ಲ. ಪಾದ್ರಿಗಳು ಎಲ್ಲರ ಮುಂದೆ ಎಬ್ಬಿಸಿದ್ರು. ಬಾಯಿಗೆ ಏನೂ ಬರಲಿಲ್ಲ. ನಿನ್ನ ಅಳತೆ ಹೇಳಿಬಿಟ್ಟೆ."

"ಏನು ಹೇಳಿದೆ?"

"ಅಳತೆ. ಆಗ ಎಷ್ಟಿತ್ತು, ಈಗ ಎಷ್ಟಿದೆ."

"ಎದೇನೂ?"

"ಹೂಂ."

"ಸೊಂಟಾನೂ?"

"ಹೂಂ."

"ಅಯ್ಯೋ ಪಾಪಿ, ಪೋಸ್ಟ್‌ಮಾಸ್ಟರರ ಮುಂದೆ!" ಅಂದು ಅವಳು ನಗತೊಡಗಿದಳು. ಹೊಟ್ಟೆ ಹಿಡಿದುಕೊಂಡು, ನೋವಿಗೆ ಮುಖ ಕಿವುಚುತ್ತಾ, ಕಿಟಕಿಯ ಸರಳಿಗೆ ಒರಗಿ ನಕ್ಕಳು. ನಗಿಸಬೇಡ ಕಣೋ, ನೋಯುತ್ತೆ, ಅನ್ನುತ್ತಲೇ ನಕ್ಕಳು. ಆಮೇಲೆ ಕಣ್ಣೊರೆಸಿಕೊಂಡು, "ನಿನ್ನೆ ಅಷ್ಟೇ ಇದೆ ಅಂದಿದ್ದೆ," ಅಂದಳು.

"ನಿನಗೆ ಹೇಳೋಕೆ ಆಗಲಿಲ್ಲ."

"ದೇವರಿಗೆ ಹೇಳಿದೆ."

"ಬೇರೆ ಯಾರಿಗೆ ಹೇಳಲಿ?" ಅಂದ ಅವನು.

ಅವಳು ಹೊತ್ತು ಕಳೆಯಲೆಂಬಂತೆ ಅಂಗಿಯ ಪಕ್ಕದ ಹೊಲಿಗೆಯನ್ನು ಒಳಗಿನಿಂದ ಬೆರಳಲ್ಲಿ ತಡವಿದಳು. ತಡವುತ್ತಾ ತಡವುತ್ತಾ ಬೆರಳು ನಿಂತಿತು. ಅಂಗಿಯ ಅಂಚನ್ನು ತಿರುಗಿಸಿ ಬೆಳಕಿಗೆ ಹಿಡಿದಳು. "ಇದೇನೋ ಇದು, ಮೂರಿಂಚು ಇದೆಯಲ್ಲೋ ಒಳಗೆ? ಆ ಕಡೇನೂ ಮೂರಿಂಚು?"

ಅವನು ಅಂಚಿಗೆ ಸೂಜಿ ಚುಚ್ಚುತ್ತಿದ್ದ. "ಸೊಂಟದ ಮೂವತ್ತೆರಡರಲ್ಲಿ ಇಪ್ಪತ್ತಾರು ಹೋದ್ರೆ ಆರು," ಅಂದ. "ಆಮೇಲೆ ಬೇಕಾದ್ರೆ ಬಿಚ್ಚಬಹುದು."

ಅಕ್ಕ ಹೊಲಿಗೆಯನ್ನು ಹಿಡಿದೇ ನಿಂತಳು. ಅಮ್ಮ ಅವನ ಶಾಲೆಯ ಚಡ್ಡಿಗೆ ಹೀಗೇ ನಾಲ್ಕು ಬೆರಳು ಒಳಗೆ ಮಡಿಸುತ್ತಿದ್ದಳು. ಬೆಳೆಯೋ ಮಗು ಅನ್ನುತ್ತಿದ್ದಳು. ವರ್ಷಕ್ಕೊಮ್ಮೆ ಬಿಚ್ಚಿದಾಗ ಹಳೆಯ ಮಡಿಕೆಯ ಗೆರೆ ಗಾಢವಾಗಿ ಉಳಿಯುತ್ತಿತ್ತು, ಶಾಲೆಯ ಹುಡುಗರು ಗೆರೆ ಎಣಿಸಿ ಅವನ ವಯಸ್ಸು ಹೇಳಿ ರೇಗಿಸುತ್ತಿದ್ದರು. ಕೊನೆಗೂ ಬೆಳೆದ, ಅಮ್ಮ ಬಿಟ್ಟಿದ್ದ ಬಟ್ಟೆ ಒಂದು ಬೆರಳೂ ವ್ಯರ್ಥವಾಗಲಿಲ್ಲ. "ಅಮ್ಮನ ಥರಾನೇ," ಅಂದಳು ಅಕ್ಕ, ಬಹಳ ಮೆಲ್ಲಗೆ. "ಅಷ್ಟು ದಪ್ಪ ಆಗಲ್ಲ ಕಣೋ ನಾನು ಇನ್ನು."

"ಆಗ್ತೀಯ," ಅಂದ.

ಅಂದು, ಇನ್ನೊಂದು ಸೂಜಿ ತೆಗೆದುಕೊಳ್ಳಲು ಅಂಗೈ ನೋಡಿದ. ನೋಡಲಾಗಲಿಲ್ಲ, ಕಣ್ಣು ತುಂಬಿತ್ತು. ಈ ಹೊಲಿಗೆ ಬಿಚ್ಚುವ ಹಾಗೆ ಮಾಡು. ಯಾರಿಗೆ ಹೇಳಿದನೋ, ಹೇಳಿದನೋ ಇಲ್ಲವೋ, ತುಟಿ ಅಲುಗಿರಲಿಲ್ಲ. ನನ್ನ ಕೈಯಲ್ಲೇ ಬಿಚ್ಚಿಸು. ಅಂಗಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವನು ಹಾಗೇ ಇದ್ದ. ಭುಜವಿರಲಿಲ್ಲ, ಕಾಲರಿರಲಿಲ್ಲ, ಅಮ್ಮನ ಮಂಚವೂ ಇರಲಿಲ್ಲ. ಅಂಚು ಎಷ್ಟು ಏರಿದೆ ಎಂಬುದು ಕೂಡ ಇರಲಿಲ್ಲ. ಬಿಚ್ಚಿಸು ಎಂಬುದೊಂದೇ ಇತ್ತು. ಎಷ್ಟು ಹೊತ್ತೋ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಿದ್ದಳು, ಜ್ವರ ನೋಡುವವರ ಹಾಗೆ.

"ಏನೋ ವಾಸನೆ," ಅಂದಳು ಅಕ್ಕ.

ಅವನಿಗೆ ಕೇಳಿಸಲಿಲ್ಲ.

"ಲೋ, ಏನೋ ಸುಡ್ತಿದೆ!"

ಅವನು ಎದ್ದು ಓಡುವಷ್ಟರಲ್ಲಿ ಕೋಣೆಯ ತುಂಬ ನೀಲಿ ಹೊಗೆ. ಸ್ವಿಚ್ಚು ಆರಿಸಿ ಪೆಟ್ಟಿಗೆ ಎತ್ತಿದ. ಒದ್ದೆ ಬಟ್ಟೆ ಒಣಗಿ, ಕರಕಲಾಗಿ, ಅದರ ಕೆಳಗೆ ಪಾದ್ರಿಗಳ ಬಿಳಿ ನಿಲುವಂಗಿಯ ಬೆನ್ನಿನಲ್ಲಿ ಇಸ್ತ್ರಿ ಪೆಟ್ಟಿಗೆಯ ಗುರುತು, ಮೂಗು, ಎರಡು ಕೆನ್ನೆ, ಅಚ್ಚು ಹೊಡೆದಷ್ಟು ಸ್ಪಷ್ಟ. ನಡುವಿನಲ್ಲಿ ಬಟ್ಟೆ ಪುಡಿಯಾಗಿ ಮೇಜು ಕಾಣುತ್ತಿತ್ತು. ಅವನು ಬಾಯಿ ತೆರೆದು ನಿಂತ. ಮೂವತ್ತು ವರ್ಷ. ಒಂದು ಕರವಸ್ತ್ರ ಕೂಡ. ಕೈ ಚಾಚುವಷ್ಟು ದೂರದಲ್ಲಿ ಪೆಟ್ಟಿಗೆ ನಿಜಕ್ಕೂ ಕಾಯುತ್ತಿದ್ದ ಒಂದೇ ಒಂದು ಸಲ ತನಗದು ನೆನಪೇ ಆಗಲಿಲ್ಲ ಎಂಬುದನ್ನು ಅವನು ಮೆಲ್ಲಮೆಲ್ಲಗೆ, ಸುಟ್ಟ ಗುರುತಿನ ಸುತ್ತ ಬೆರಳಾಡಿಸುತ್ತಾ, ಅರ್ಥ ಮಾಡಿಕೊಂಡ.

ಅಕ್ಕ ಬಾಗಿಲ ಚೌಕಟ್ಟು ಹಿಡಿದು ಬಂದು ನಿಂತಿದ್ದಳು, ಹೊಸ ಅಂಗಿಯ ಅಂಚಿಗೆ ಸೂಜಿಗಳು ನೇತಾಡುತ್ತಿದ್ದವು. ನಿಲುವಂಗಿಯನ್ನು ನೋಡಿದಳು. ಅವನ ಮುಖ ನೋಡಿದಳು. ಅವಳಿಗೆ ಬೈಬಲ್ಲಿನ ಹಳೆಯ ಒಡಂಬಡಿಕೆ ಬಾಯಿಪಾಠ. "ಒಂದಿಂಚೂ ಬಿಟ್ಕೊಳ್ಳದೆ ಪೂರ್ತಿ ಸುಟ್ಟು ಕೊಡೋದು, ಸರ್ವಾಂಗಹೋಮ ಅಂದ್ರೆ ಇದೇ ಕಣೋ," ಅಂದಳು.

"ಮುಂದಿನ ವಾರ ಬಿಷಪ್ಪರು ಬರ್ತಾರೆ," ಅಂದ ಅವನು.

"ಪಾದ್ರಿಗಳಿಗೆ ಏನಂತ ಹೇಳ್ತೀಯ?"

ಅವನು ಯೋಚಿಸಿದ. "ಪ್ರಾರ್ಥನೆ ಮಾಡ್ತಿದ್ದೆ ಅಂತ ಹೇಳ್ತೀನಿ."

"ನಂಬಲ್ಲ ಅವರು."

"ನಂಬಲ್ಲ."

ಅಕ್ಕ ಹತ್ತಿರ ಬಂದು ಸುಟ್ಟ ಗುರುತಿನ ಮೇಲೆ ಅಂಗೈ ಇಟ್ಟಳು. ಇನ್ನೂ ಬಿಸಿಯಿತ್ತು. ಕೈ ತೆಗೆಯದೆ, "ನನ್ನ ಚೀಲ ತಗೋ," ಅಂದಳು. "ಹೊತ್ತಾಯ್ತು, ಹೋಗೋಣ ನಡಿ."